ಉಪ್ಪುಗಾಳಿ ಮತ್ತು ಗ್ರೀಸು ಹಚ್ಚಿದ ಟ್ರಂಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ಸಮುದ್ರದ ಸಲುವಾಗಿ ಎದ್ದ ಗದ್ದಲದಲ್ಲಿ ಸಮುದ್ರದ ತಪ್ಪು ಏನೂ ಇರಲಿಲ್ಲ. ಅದು ತನ್ನ ಪಾಡಿಗೆ ತಾನು ಅಂಕೋಲೆಯ ಆಚೆ ಬಿದ್ದುಕೊಂಡಿತ್ತು. ಅದನ್ನು ಎಬ್ಬಿಸಿ, ಅದಕ್ಕೊಂದು ಹೆಂಗಸಿನ ದನಿ ಕೊಟ್ಟು, ನಮ್ಮವ್ವನ ಕಿವಿಗೆ ಹಚ್ಚಿದವನು ನಾನು. ಆಗ ನಾನು ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ. ನೋಡದ್ದನ್ನು ನಕಲು ಮಾಡುವುದು ಬಹಳ ಸುಲಭ. ನೋಡಿದ್ದನ್ನು ಮಾಡಹೋದರೆ ತಪ್ಪು ಹಿಡಿಯುವವರು ಇರುತ್ತಾರೆ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಬಿಳಿ ಅಂಗಿ. ನಿನ್ನೆ ನವಲಗುಂದದಲ್ಲಿ ಗೆಳೆಯನ ಮದುವೆ. ಇದ್ದೊಂದು ಒಳ್ಳೆಯ ಅಂಗಿಯನ್ನು ಕಪಾಟಿನ ತಳದಿಂದ ಎಳೆದು ಬಿಡಿಸಿದರೆ, ಬಲಹೆಗಲಿನಿಂದ ಸೊಂಟದವರೆಗೆ ಕರಿ ಪಟ್ಟೆ. ಟ್ರ್ಯಾಕ್ಟರಿನ ಗ್ರೀಸು. "ಅದನ್ನ ತಿಕ್ಕಿ ತಿಕ್ಕಿ ನನ್ನ ಕೈ ಸವದ್ವು, ಕಲಿ ಸವೀಲಿಲ್ಲ" ಎಂದು ಅವ್ವ ಒಳಗಿನಿಂದಲೇ ಹೇಳಿದಳು. ನಾನು ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ, ಒಬ್ಬನೇ ನಗುತ್ತ. ಮದುವೆಯಲ್ಲಿ ಅಕ್ಕಿಕಾಳು ತಪ್ಪಿತು. ಊಟ ಮಾತ್ರ ತಪ್ಪಿಸಿಕೊಳ್ಳಲಿಲ್ಲ.

ನಮ್ಮದು ಮೊರಬ. ಸುತ್ತ ಕಣ್ಣು ಹರಿದಷ್ಟೂ ಎರೆಮಣ್ಣು. ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆಯುತ್ತದೆ, ಮಳೆ ಬಿದ್ದರೆ ಚಪ್ಪಲಿ ಕಸಿದುಕೊಳ್ಳುತ್ತದೆ. ಇಂಥ ಊರಿನಲ್ಲಿ ಹುಟ್ಟಿ ನಾನು ಕಲಿತ ಒಂದೇ ವಿದ್ಯೆ ಮಂದಿಯ ದನಿ ಕದಿಯುವುದು. ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಕಂಡಕ್ಟರನ ದನಿಯಲ್ಲಿ "ಮೊರಬ ಯಾರ್ರೀ, ಮುಂದ ಬರ್ರಿ" ಎಂದರೆ ಪಾಪ, ಯಾರಾದರೊಬ್ಬ ಅಜ್ಜಿ ಗಂಟು ಬಗಲಿಗೆ ಹಾಕಿಕೊಂಡು ಎರಡು ಊರು ಮೊದಲೇ ಎದ್ದು ನಿಲ್ಲುತ್ತಿದ್ದಳು. ಶಾಲೆಯಲ್ಲಿ ಹೆಡ್ ಮಾಸ್ತರರ ಕೆಮ್ಮನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಒಂದು ದಿನ ಅವರೇ ಬಾಗಿಲಲ್ಲಿ ಬಂದು ಕೆಮ್ಮಿದಾಗ ಇಡೀ ವರ್ಗ "ಬಿಡಲೇ ಮಂಜ್ಯಾ, ಸಾಕು" ಎಂದು ನಕ್ಕಿತು. ಏಟು ಬಿದ್ದದ್ದು ನನಗೆ. ಕೆಮ್ಮಿದವರು ಅವರು, ಶಿಕ್ಷೆ ನನಗೆ! ಈಗ ಮನೆಯಲ್ಲಿ ನನಗೆ ಹೆಣ್ಣು ನೋಡುವ ಮಾತು ಶುರುವಾಗಿದೆ. "ಹೋದಲ್ಲಿ ನಿನ್ನ ದನಿಯೊಳಗ ಮಾತಾಡಪಾ" ಎಂದು ಎಲ್ಲರೂ ಎಚ್ಚರಿಸುತ್ತಾರೆ. ನನ್ನ ದನಿ ಯಾವುದೆಂದು ನಾನೂ ಹುಡುಕುತ್ತಿದ್ದೇನೆ.

ನನ್ನ ಆಟಕ್ಕೆ ಖಾಯಂ ಪ್ರೇಕ್ಷಕಿ ಒಬ್ಬಳೇ, ಗಿರಿಜಕ್ಕ. ಅವಳು ನಕ್ಕರೆ ಸದ್ದು ಬರುವುದಿಲ್ಲ. ಭುಜ ಕುಣಿಯುತ್ತದೆ, ಕಣ್ಣಿನಿಂದ ನೀರು ಇಳಿಯುತ್ತದೆ, ಕೊನೆಗೆ ಪಕ್ಕಕ್ಕೆ ಹೊರಳಿ ಬೀಳುತ್ತಾಳೆ. ಚಿಕ್ಕಂದಿನಲ್ಲಿ ಅವ್ವ ರೊಟ್ಟಿ ಬಡಿಯುವಾಗ ನಾವಿಬ್ಬರೂ ಒಲೆಯ ಮುಂದೆ ಕುಳಿತಿರುತ್ತಿದ್ದೆವು. ಅವ್ವನ ಅಂಗೈ ಪಟಪಟ ಅನ್ನುತ್ತಿದ್ದರೆ ಆ ತಾಳಕ್ಕೆ ಸರಿಯಾಗಿ ನಾನು ಊರಿನ ಒಬ್ಬೊಬ್ಬರನ್ನೇ ಕರೆತರುತ್ತಿದ್ದೆ. ಅಕ್ಕ ಹೊರಳಿ ಬಿದ್ದರೆ ಪಾಸು. ಬರೀ ಮುಗುಳ್ನಕ್ಕರೆ ಆ ಮನುಷ್ಯನನ್ನು ನಾಳೆ ಮತ್ತೆ ನೋಡಿಕೊಂಡು ಬರಬೇಕು ಎಂದು ಅರ್ಥ.

ಈ ಗಿರಿಜಕ್ಕ ದೊಡ್ಡವಳಾಗಿ ದನಗಳ ಔಷಧೋಪಚಾರದ ಡಿಪ್ಲೊಮಾ ಮಾಡಿದಳು. ಊರವರು ಕಾಗದ ಕೈಗೆ ಬರುವ ಮೊದಲೇ ಅವಳನ್ನು "ದನದ ಡಾಕ್ಟರಬಾಯಿ" ಮಾಡಿಬಿಟ್ಟರು. ಹೋದ ಬೇಸಿಗೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೆಲಸವೂ ಆಯಿತು. ಜಾಗ ಆರಿಸಿಕೊಳ್ಳಲು ಕರೆದಾಗ ಹೋಗಿ ಬಂದವಳು, ಚೀಲ ಕೆಳಗಿಡುವ ಮೊದಲೇ ಹೇಳಿದಳು: ಅಂಕೋಲೆಯಿಂದ ಆಚೆ, ಸಮುದ್ರದ ದಂಡೆಯ ಒಂದು ಸಣ್ಣ ಊರು. ಬರುವ ಸೋಮವಾರ ಹಾಜರಾಗಬೇಕು. ಆಗದಿದ್ದರೆ ಕೆಲಸ ಮುಂದಿನವರಿಗೆ.

"ಕೊಟ್ರೋ ಏನ್ ನೀನ ಕೇಳಿದ್ಯೋ?" ಎಂದಳು ಅವ್ವ.

"ನಾನ ಕೇಳಿದ್ನಿ."

"ಯಾಕವಾ, ನಮ್ಮ ಕಡೆ ದನಾ ಸತ್ತಾವೇನು?"

"ದನಾ ಅದಾವಬೇ. ಅವನ್ನ ಕಟ್ಟಿದ ಮಂದಿ ನನ್ನ ಸಣ್ಣಾಕಿದ್ದಾಗಿಂದ ನೋಡ್ಯಾರ. ಇಂಜೆಕ್ಷನ್ ಮಾಡ್ತೇನಿ ಅಂದ್ರ 'ಮೊದ್ಲ ಒಳಗ ಹೋಗಿ ಒಂದೀಟ ಚಹಾ ಮಾಡವಾ' ಅಂತಾರ. ನನ್ನ ಗುರ್ತಿಲ್ಲದಲ್ಲಿ ಕೆಲಸಾ ಮಾಡಿ ನೋಡಬೇಕು ನಾ."

ಅಪ್ಪ ಏನೂ ಹೇಳಲಿಲ್ಲ. ಅಪ್ಪ ಏನೂ ಹೇಳುವುದಿಲ್ಲ. ಅದಕ್ಕೇ ಅವನ ನಕಲು ಮಾಡಲು ನನಗೆ ಇಂದಿಗೂ ಆಗಿಲ್ಲ. ಆದರೆ ಅವನ ತಮ್ಮ ಬಸಪ್ಪಕಾಕಾ ಇದ್ದಾನಲ್ಲ, ಅವನು ಎಲ್ಲರ ಪಾಲಿನ ಮಾತನ್ನೂ ಆಡಿ ಮುಗಿಸುತ್ತಾನೆ. ಸಮುದ್ರದ ವಿಷಯದಲ್ಲಂತೂ ನಮ್ಮ ಓಣಿಗೆ ಅವನೇ ಪಂಡಿತ. ಹಿಂದೊಮ್ಮೆ ಉಳ್ಳಾಗಡ್ಡಿ ಲಾರಿಯ ಜೋಡಿ ಅಳ್ನಾವರ ದಾಟಿ ಗೋವಾಕ್ಕೆ ಹೋಗಿಬಂದಿದ್ದ. ಚೀಲ ಇಳಿಸುವವರೆಗೆ ಲಾರಿ ಬಿಟ್ಟು ಕದಲಬಾರದೆಂದು ಡ್ರೈವರ್ ಹೇಳಿದ್ದರಿಂದ ಸಮುದ್ರವನ್ನು ಕಣ್ಣಾರೆ ಕಂಡಿರಲಿಲ್ಲ. "ಕಂಡಿಲ್ಲ ಖರೆ. ಆದ್ರ ಅದರ ಗದ್ದಲಾ ಕೇಳೇನಿ" ಎನ್ನುತ್ತಾನೆ. ಆ ಗದ್ದಲದ ಆಧಾರದ ಮೇಲೆ ಅವನು ಅಂದು ಸಂಜೆ ಕಟ್ಟೆಯ ಮೇಲೆ ಕುಳಿತು ತನ್ನ ಅತ್ತಿಗೆಗೆ ತೀರ್ಪು ಕೊಟ್ಟ.

"ಅಲ್ಲಿ ಗಾಳ್ಯಾಗ ಉಪ್ಪ ಇರತೈತಿ ವೈನಿ. ಮುಂಜಾನೆ ನಿಲ್ಸಿದ ಸೈಕಲ್ ಸಂಜೀಗೆ ಪುಡಿ. ಕಬ್ಬಿಣಕ್ಕ ಹಂಗಾದ್ರ ಹುಡಿಗಿ ಮೈಗೆ ಏನಾಗಬ್ಯಾಡ? ಮತ್ತ ದನಾ ನೋಡ್ಯಾಳೇನ ಈಕಿ ಅಲ್ಲೀವು? ನಾಯಿಯಷ್ಟ ಇರತಾವಂತ!"

"ಸಣ್ಣವಿದ್ರ ಚುಲೋ ಆತಲ್ಲ ಕಾಕಾ" ಎಂದಳು ಅಕ್ಕ. "ಅಲ್ಲಿ ಒದ್ರ ಮೊಳಕಾಲಿಗೆ ಹತ್ತತೈತಿ. ನಿನ್ನ ಎತ್ತು ಒದ್ರ ಹಲ್ಲಿಗೆ ಹತ್ತತೈತಿ."

"ಕಪ್ಪಾಗ್ತಿ ನೋಡು" ಎಂದಳು ಅವ್ವ.

"ಇಲ್ಲಿ ಬಿಸಲಾಗ ಮೆಣಸಿನಕಾಯಿ ಬಿಡಸೂವಾಗ ಬೆಳ್ಳಗ ಆಗಿದ್ನೇನು?"

"ಮೀನದ ವಾಸನಿ?"

"ಆಸ್ಪತ್ರ್ಯಾಗ ದಿನಾ ಸಗಣಿ ವಾಸನಿ ಇರತೈತಿ ಬೇ. ಮೀನ ಅದರ ಮುಂದ ಏನು?"

"ನೀರು?"

ಇಲ್ಲಿ ಅಕ್ಕ ಸುಮ್ಮನಾದಳು. ನೀರಿನ ಮಾತು ಬಂದರೆ ನಮ್ಮ ಕಡೆ ಎಲ್ಲರೂ ಸುಮ್ಮನಾಗುತ್ತಾರೆ. ನಮ್ಮೂರಿನಲ್ಲಿ ಬಾವಿ ತೋಡಿದರೂ ಬೋರು ಹಾಕಿದರೂ ಬರುವುದು ಸವಳು ನೀರು. ಅದರಲ್ಲಿ ಸಾಬೂನು ನೊರೆ ಬಿಡುವುದಿಲ್ಲ, ಬೇಳೆ ಬೇಯುವುದಿಲ್ಲ, ಚಹಾ ಮಾಡಿದರೆ ಹಾಲು ಒಡೆಯುತ್ತದೆ. ಕುಡಿಯಲು ಕೆರೆಯ ನೀರೇ ಬೇಕು. ಚಿಕ್ಕಂದಿನಲ್ಲಿ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಕೆರೆಗೆ ಹೋಗುತ್ತಿದ್ದೆವು. ಮನೆಗೆ ಮೈಲಿಗಟ್ಟಲೆ ದೂರದ ನೆಂಟರು ಬಂದರೆ ನಾವು ಮೊದಲು ಕೇಳುತ್ತಿದ್ದುದೇ "ನಿಮ್ಮಲ್ಲಿ ನೀರ ಹೆಂಗರಿ?" ಎಂದು. ಆರೋಗ್ಯ ವಿಚಾರಿಸುವುದು ಆಮೇಲೆ. ಅಂಥ ಮನೆಯ ಮಗಳು ಉಪ್ಪುನೀರಿನ ದಂಡೆಗೇ ಹೋಗಿ ನಿಲ್ಲುತ್ತೇನೆ ಎಂದರೆ, ಒಂದು ಸವಳು ಬಾವಿಯನ್ನು ಬಿಟ್ಟು ಅದರಪ್ಪನ ಮನೆಗೇ ಹೊರಟಳಲ್ಲ ಎಂದು ಅವ್ವನಿಗೆ ಅನ್ನಿಸಿರಬೇಕು.

ಮತ್ತು ರೊಟ್ಟಿ. ಎಲ್ಲಕ್ಕಿಂತ ದೊಡ್ಡ ಚಿಂತೆ ಅದು. ನಮ್ಮಲ್ಲಿ ಜೋಳದ ಕಡಕ್ ರೊಟ್ಟಿಯನ್ನು ಒಣಗಿಸಿ, ಒಂದರ ಮೇಲೊಂದು ಪೇರಿಸಿ ಇಡುತ್ತೇವೆ. ವಾರಗಟ್ಟಲೆ ಇರುತ್ತದೆ. ಮುರಿದರೆ ಚಟ್ಟನೆ ಸದ್ದು ಬರಬೇಕು. ಸದ್ದಿಲ್ಲದ ರೊಟ್ಟಿಯನ್ನು ಅವ್ವ ರೊಟ್ಟಿ ಎಂದು ಕರೆಯುವುದಿಲ್ಲ.

ಅಕ್ಕನೂ ಜಾಣೆ. ತಾನು ಹೇಳಿದರೆ ಅವ್ವ ನಂಬುವುದಿಲ್ಲವೆಂದು ಗೊತ್ತು. ಆ ಊರಿನ ಆಸ್ಪತ್ರೆಯವರು ನಾಗವೇಣಮ್ಮ ಎಂಬವರ ಮನೆಯ ಹಿಂದಿನ ಒಂದು ಕೋಣೆ ಹೇಳಿದ್ದರು. ಒಂಟಿ ಹುಡುಗಿಗೆ ಆ ಊರಿನಲ್ಲಿ ಇದ್ದದ್ದು ಅದೊಂದೇ ಜಾಗ. "ನಾಳೆ ಅವರು ನಿನಗ ಫೋನ್ ಮಾಡ್ತಾರ. ಏನ್ ಕೇಳೂದೈತಿ ಅವರಿಗೇ ಕೇಳು" ಎಂದು ಅಕ್ಕ ಅವ್ವನ ನಂಬರು ಅವರಿಗೆ ಕೊಟ್ಟಿದ್ದಳು.

ಈಗ ನನ್ನ ಪಾತ್ರ ಬಂತು. ಮರುದಿನ ಮಧ್ಯಾಹ್ನ ಮನೆಯ ಹಿಂದಿನ ಬಣವೆಯ ಮರೆಯಲ್ಲಿ ನಿಂತು, ಗೆಳೆಯನ ಮೊಬೈಲಿನಿಂದ ಅವ್ವನಿಗೆ ಫೋನು ಹಚ್ಚಿದೆ. ಕರಾವಳಿಯ ಮಾತನ್ನು ನಾನು ಕಲಿತದ್ದು ಮೊಬೈಲಿನಲ್ಲಿ ಬರುವ ಚಿಕ್ಕ ಚಿಕ್ಕ ವಿಡಿಯೋಗಳಿಂದ.

"ಹಲೋ, ಎಂತ ಮಾರಾಯ್ರೆ, ನಾನು ನಾಗವೇಣಿ. ನಿಮ್ಮ ಹುಡುಗಿ ಬರ್ತಾಳಂತೆ ಅಲ್ವಾ? ಬರ್ಲಿ ಬರ್ಲಿ. ಬರುವಾಗ ಮೂಗಿಗೆ ಸ್ವಲ್ಪ ಹತ್ತಿ ತರ್ಲಿಕ್ಕೆ ಹೇಳಿ. ನಾವು ಮೀನು ಒಣಗಿಸುದು ಅವಳ ಕಿಟಕಿಯಲ್ಲೇ."

"ಅಲ್ಲಿ ಬೆವರು ಭಾಳ ಅಂತಲ್ರಿ?" ಎಂದಳು ಅವ್ವ, ಹೆದರುತ್ತಲೇ.

"ಬೆವರಾ? ಬೆಳಿಗ್ಗೆ ಹಾಸಿಗೆ ಹಿಂಡಿ ಹಗ್ಗಕ್ಕೆ ಹಾಕ್ಬೇಕು ಮಾರಾಯ್ರೆ. ಮಳೆಗಾಲದಲ್ಲಿ ಏಡಿ ಮಂಚದ ಹತ್ರ ಬರ್ತದೆ, ಹೆದರ್ಲಿಕ್ಕಿಲ್ಲ, ಕಾಲು ಮೇಲೆ ಇಟ್ಕೊಂಡು ಮಲಗಿದ್ರೆ ಆಯ್ತು."

"ಮತ್ತ... ರೊಟ್ಟಿ?"

"ರೊಟ್ಟಿಯಾ? ಇಲ್ಲಿಯ ಗಾಳಿಗೆ ರೊಟ್ಟಿ ಕರವಸ್ತ್ರ ಆಗ್ತದೆ."

ಅವ್ವ ಬೈಯುತ್ತಾಳೆ, ಗುರುತು ಹಿಡಿಯುತ್ತಾಳೆ, ನಾನು ಬಣವೆಯ ಮರೆಯಿಂದ ಕುಣಿಯುತ್ತ ಹೊರಗೆ ಬರುತ್ತೇನೆ, ಅಕ್ಕ ಹೊರಳಿ ಬೀಳುತ್ತಾಳೆ ಎಂದು ಅಂದುಕೊಂಡಿದ್ದೆ. ಅವ್ವ "ಆತ್ರಿ ಯಕ್ಕಾ, ದೊಡ್ಡ ಉಪಕಾರ ಆತು ನಿಮ್ಮಿಂದ" ಎಂದು ಫೋನು ಇಟ್ಟಳು. ನಾನು ಒಳಗೆ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಹುಡುಗಿ ಹೋಗುವುದಿಲ್ಲ.

ಅಕ್ಕ ಜಗಳ ಆಡಲಿಲ್ಲ. ಎದ್ದು ದನದ ಮನೆಗೆ ಹೋದಳು. ಸ್ವಲ್ಪ ಹೊತ್ತಿನ ನಂತರ ಇಣುಕಿದೆ. ಎತ್ತಿನ ಬೆನ್ನಿಗೆ ಹಣೆ ಹಚ್ಚಿ ನಿಂತಿದ್ದಳು. ಭುಜ ಕುಣಿಯುತ್ತಿತ್ತು. ನಕ್ಕಾಗ ಕುಣಿಯುವ ಹಾಗೆಯೇ, ಸದ್ದಿಲ್ಲದೆ. ನಗುವುದಕ್ಕೂ ಅಳುವುದಕ್ಕೂ ಅವಳದು ಒಂದೇ ಭುಜ ಎಂದು ನನಗೆ ಗೊತ್ತಾದದ್ದು ಅಂದೇ. ನಿಮ್ಮ ಮುಂದೆ ಸುಳ್ಳು ಯಾಕೆ ಹೇಳಲಿ, ನಾನು ಆ ಫೋನು ಮಾಡಿದ್ದು ಬರೀ ಚೇಷ್ಟೆಗಲ್ಲ. ಅವಳು ಹೋಗಿಬಿಟ್ಟರೆ ನಾನು ಯಾರ ಮುಂದೆ ದನಿ ಮಾಡಲಿ? ಅಪ್ಪನ ಮುಂದೆಯೇ?

ಒಳಗೆ ಹೋಗಿ ಅವ್ವನಿಗೆ ಹೇಳಿದೆ. "ಅವ್ವಾ, ಫೋನ್ ಮಾಡಿದಾಂವ ನಾನ."

"ಸುಳ್ಳ ಹೇಳಬ್ಯಾಡ. ಅಕ್ಕನ ಸಲುವಾಗಿ ಹೇಳಾಕ ಹತ್ತಿ. ಎಷ್ಟ ಚುಲೋ ಹೆಣಮಗಳು, ಇದ್ದದ್ದ ಇದ್ದಂಗ ಹೇಳಿದ್ಲು ಪಾಪ."

ಜೀವಮಾನದಲ್ಲಿ ಮೊದಲ ಬಾರಿಗೆ ನಿಜ ಹೇಳಿದರೆ ಈ ಗತಿ! ಕೊನೆಗೆ ಅಡುಗೆಮನೆಯ ನಡುವೆ ನಿಂತು, ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಂಡು, "ಎಂತ ಮಾರಾಯ್ರೆ, ಏಡಿ ಮಂಚದ ಹತ್ರ ಬರ್ತದೆ" ಎಂದು ಇಡೀ ಆಟವನ್ನು ಮತ್ತೆ ಆಡಿ ತೋರಿಸಿದೆ. ಅವ್ವ ಕಣ್ಣು ಅಗಲಿಸಿ ಕೇಳಿದಳು. ಕರವಸ್ತ್ರದ ಮಾತು ಬಂದಾಗ ಕೈಗೆ ಸಿಕ್ಕ ತಾಟು ನನ್ನ ಕಡೆ ಹಾರಿ ಬಂತು. ನಾನು ಹಿತ್ತಲಿಗೆ ಹಾರಿದೆ. ಆದರೂ ಸಮಾಧಾನ. ಅವ್ವನ ಸಿಟ್ಟು ಸಮುದ್ರದಿಂದ ನನ್ನ ಮೇಲೆ ತಿರುಗಿತು, ಇನ್ನು ಅಕ್ಕನ ದಾರಿ ಸಲೀಸು ಎಂದುಕೊಂಡೆ.

ಸಂಜೆ ಅವ್ವನ ಫೋನು ರಿಂಗಾಯಿತು. ಈ ಸಲ ನಿಜವಾದ ನಾಗವೇಣಮ್ಮ.

ನಾನು ಆಗ ಹೊಲದಿಂದ ಜೋಳದ ಮೇವಿನ ಸೂಡು ಹೊತ್ತು ಬರುತ್ತಿದ್ದೆ. ಅವ್ವನ ದನಿ ಓಣಿಯ ತುದಿಗೇ ಕೇಳಿತು.

"ಬಾ ಬಾ, ನಿನ್ನ ದಾರೀನ ಕಾಯಾಕ ಹತ್ತಿದ್ನಿ! ಮತ್ತೇನ್ ಬಂತು ಮಂಚದ ಹಂತ್ಯಾಕ, ಏಡಿಯೋ ತಿಮಿಂಗಿಲೋ? ಮಂಗ್ಯಾನ ಮಗನ, ಹೆಂಗಸರ ದನೀ ಮಾಡಿ ಮಾಡಿ ನಿನಗ ಮೀಸಿ ಸೈತ ಬರವಲ್ವು! ಮನೀಗೆ ಬಾ, ಆ ನಾಲಗಿ ಈಳಗಿಗೆ ಇಡತೇನಿ!"

ಮಂಗ್ಯಾನ ಮಗ ಎಂದಾಗ ಕಟ್ಟೆಯ ಮೇಲಿದ್ದ ಅಪ್ಪ ಒಮ್ಮೆ ಕೆಮ್ಮಿದ. ಅಷ್ಟರಲ್ಲಿ ನಾನು ಸೂಡಿನ ಸಮೇತ ಬಾಗಿಲಲ್ಲಿ ಬಂದು ನಿಂತೆ. ಅವ್ವ ನನ್ನನ್ನು ನೋಡಿದಳು. ನನ್ನ ಎರಡೂ ಕೈ ಮೇವಿನ ಮೇಲಿದ್ದವು. ಫೋನು ಅವಳ ಕಿವಿಯಲ್ಲಿತ್ತು. ಅದರೊಳಗಿನಿಂದ ಒಂದು ಸಣ್ಣ ದನಿ, "ಇದು ಗಿರಿಜಾ ಅಂಬೋರ ಮನೆಯೇ ಹೌದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಟ್ಟಾಯಿತು. ಆಮೇಲೆ ಅಕ್ಕ ಎಷ್ಟು ಸಲ ಹಚ್ಚಿದರೂ ಅವರು ಎತ್ತಲಿಲ್ಲ.

ಈಗ ಅವ್ವ ಪೇಚಿಗೆ ಬಿದ್ದಳು. ತಾನೇ ಬೇಡ ಎಂದರೆ ಅದು ಬೇರೆ. ತನ್ನ ಬಾಯಿಯಿಂದ ಮಗಳ ಕೋಣೆ ಹೋಯಿತು ಎಂದರೆ ಬೇರೆ. ಅಪ್ಪ ಆ ಬೇಸಿಗೆಯಲ್ಲಿ ಆಡಿದ ಅತಿ ಉದ್ದದ ಮಾತು ಅಂದೇ ಬಂತು: "ಬೈದಾಕಿ ನೀನು, ಹೋಗಿ ಕೈ ಮುಗದ ಬಾ. ಬೈಸಿದಾಂವ ಇಂವಾ, ಟ್ರಂಕ್ ಹೊರಲಿ. ಹುಡಿಗೀನೂ ಹೋಗಲಿ, ಕಣ್ಣಿಲೆ ನೋಡ್ರಿ. ಸೇರಲಿಲ್ಲಂದ್ರ ಕರ್ಕೊಂಡ ಬರ್ರಿ."

ಟ್ರಂಕು ಯಾಕೆಂದರೆ ರೊಟ್ಟಿಗಾಗಿ. ಚೀಲದಲ್ಲಿ ಕಡಕ್ ರೊಟ್ಟಿ ಹಾಕಿದರೆ ಹುಬ್ಬಳ್ಳಿ ಮುಟ್ಟುವುದರೊಳಗೆ ನುಚ್ಚು. ಅವ್ವ ಎರಡು ದಿನ ರೊಟ್ಟಿ ಬಡಿದು, ಒಣಗಿಸಿ, ತಗಡಿನ ಟ್ರಂಕಿನಲ್ಲಿ ಪೇರಿಸಿದಳು. ಹೊರಡುವ ಮುಂಜಾನೆ ಬಸಪ್ಪಕಾಕಾ ಬಂದ, ಕೈಯಲ್ಲಿ ಗ್ರೀಸಿನ ಡಬ್ಬಿ. ಸುಗ್ಗಿ ಮುಗಿದ ಮೇಲೆ ನೇಗಿಲಿನ ಕುಳಕ್ಕೆ ತುಕ್ಕು ಹಿಡಿಯಬಾರದೆಂದು ಗ್ರೀಸು ಹಚ್ಚಿ ಒಳಗಿಡುವುದು ಅವನ ವಾಡಿಕೆ. ನಾವು ನೋಡುತ್ತಿದ್ದಂತೆ ಟ್ರಂಕನ್ನೂ ಅಂಗಳದಲ್ಲಿ ಕೂರಿಸಿ ಮುಚ್ಚಳ, ಚಿಲಕ, ಮೂಲೆ, ತಳ ಒಂದೂ ಬಿಡದೆ ಹಚ್ಚಿದ. "ಇನ್ನ ಆ ಗಾಳಿಗೆ ಅಂಜೂ ಕಾರಣಿಲ್ಲ" ಎಂದ. ಹಚ್ಚುವಾಗ ಅಕ್ಕನ ಮುಖ ನೋಡಲಿಲ್ಲ. ಹಚ್ಚಿ ಮುಗಿದ ಮೇಲೂ ಬಹಳ ಹೊತ್ತು ಚಿಲಕವನ್ನೇ ತಿಕ್ಕುತ್ತ ಕುಳಿತಿದ್ದ. ಬೈಯಬೇಕೆಂದಿದ್ದ ಅವ್ವ ಅವನಿಗೆ ಕೈ ಒರೆಸಲು ಹಳೆ ಅರಿವೆ ತಂದುಕೊಟ್ಟಳು.

ನಾನೋ, ಸಮುದ್ರ ನೋಡಲು ಹೊರಟವನು, ಬಿಳಿ ಅಂಗಿ ಹಾಕಿ, ಕರಿ ಕನ್ನಡಕ ಏರಿಸಿ ನಿಂತಿದ್ದೆ. ಟ್ರಂಕು ನನ್ನ ಹೆಗಲಿಗೆ ಏರಿತು. ಮುಂದಿನದನ್ನು ಅಂಗಿಯೇ ಹೇಳುತ್ತದೆ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಟ್ರಂಕಿಗೆ ಕೈ ಹಚ್ಚಿ, ಕೈಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಏನಪಾ, ಇದರೊಳಗ ಟ್ರ್ಯಾಕ್ಟರ್ ಬಿಚ್ಚಿ ಇಟ್ಟೀಯೇನು?" ಎಂದ. ಕಲಘಟಗಿ ದಾಟಿದ ಮೇಲೆ ಮರಗಳು ದಟ್ಟವಾದವು. ಯಲ್ಲಾಪುರ ಮುಗಿದು ಘಟ್ಟ ಇಳಿಯಲು ಶುರುವಾದಾಗ ಅವ್ವ ಕಣ್ಣು ಮುಚ್ಚಿ ದೇವರ ಹೆಸರು ಹೇಳತೊಡಗಿದಳು. ಒಂದೊಂದು ತಿರುವಿಗೂ ಗಾಳಿ ಒಂದೊಂದು ಪದರು ದಪ್ಪವಾಗುತ್ತ ಬಂತು. ನಮ್ಮೂರಿನ ಬಿಸಿಲು ಬಡಿಯುತ್ತದೆ. ಇಲ್ಲಿಯದು ಬಡಿಯುವುದಿಲ್ಲ, ಬಂದು ಕೊರಳಿಗೆ ಬಿದ್ದು ತಬ್ಬಿಕೊಳ್ಳುತ್ತದೆ, ಬಿಡು ಎಂದರೂ ಬಿಡುವುದಿಲ್ಲ. ಅವ್ವ ಸೆರಗಿನಿಂದ ಕುತ್ತಿಗೆ ಒರೆಸಿ ಒರೆಸಿ, "ಇದ ಬೆವರ ಅಲ್ಲ ಬಿಡು. ಯಾರೋ ಮ್ಯಾಲಿಂದ ತಂಬಿಗಿ ಸುರವ್ಯಾರ" ಎಂದಳು. ಅಕ್ಕ ಕಿಟಕಿಯಿಂದ ಮುಖ ಒಳಗೆ ತೆಗೆಯಲೇ ಇಲ್ಲ.

ನಾವು ಊರು ಮುಟ್ಟಿದಾಗ ನಾಗವೇಣಮ್ಮ ಅಂಗಳದಲ್ಲಿ ಕುಳಿತು ಕೆಂಪಗಿನ ಏನನ್ನೋ ಚಾಪೆಯ ಮೇಲೆ ಹರವುತ್ತಿದ್ದರು. ಮೀನೇ ಇರಬೇಕೆಂದು ಅವ್ವ ಮೂಗಿಗೆ ಸೆರಗು ಒಯ್ದಳು. ಹತ್ತಿರ ಹೋದರೆ ಮುರುಗಲ ಹಣ್ಣಿನ ಸಿಪ್ಪೆ. ಎತ್ತರದ, ಒಣಕಲು ಹೆಂಗಸು. ಯಾರು, ಎಲ್ಲಿಂದ ಎಂದು ಕೇಳುವ ಮೊದಲೇ "ಬನ್ನಿ, ಆಸ್ರಿಗೆ ಕುಡೀರಿ" ಎಂದು ಬೆಲ್ಲದ ತುಂಡು, ತಂಬಿಗೆ ನೀರು ತಂದಿಟ್ಟರು. ಅವ್ವ ವಾಡಿಕೆಯಂತೆ ಮೊದಲು ಒಂದು ಹನಿಯನ್ನು ನಾಲಿಗೆಯ ತುದಿಗೆ ಬಿಟ್ಟುಕೊಂಡಳು. ತಡೆದಳು. ಆಮೇಲೆ ತಂಬಿಗೆ ಎತ್ತಿ ಗಟಗಟ ಮುಗಿಸಿದಳು.

"ಇದು ಯಾವ ಕೆರಿ ನೀರ್ರಿ?"

"ಕೆರೆಯಾ? ಬಾವಿದು ಅಲ್ದಾ, ಅಕಾ ಅಲ್ಲಿ." ಬಾವಿ ಮನೆಯ ಹಿಂದೆ. ಅದರ ಹಿಂದೆ ತೆಂಗಿನ ಸಾಲು. ಅದರ ಹಿಂದೆ, ನಾನು ಇಷ್ಟು ದಿನ ದನಿ ಮಾಡುತ್ತಿದ್ದ ಆ ಸಮುದ್ರ. ಅವ್ವ ನನ್ನ ಕಿವಿಯ ಹತ್ತಿರ ಬಂದು, "ಚಹಾ ಒಡಿಯಂಗಿಲ್ಲಲೇ" ಎಂದಳು. ನಂತರ ಎದ್ದು ನಿಂತು ಕೈ ಮುಗಿದಳು.

"ಫೋನಿನ್ಯಾಗ ಬೈದಾಕಿ ನಾನರಿ ಯಕ್ಕಾ. ಇಂವಾ ನನ್ನ ಮಗ, ನಿಮ್ಮ ದನೀಲೆ ನನಗ ಫೋನ್ ಮಾಡಿದ್ದ. ಇಂವನ ಅಂತ ತಿಳದ ಬೈದ್ನಿ. ಹೊಟ್ಟ್ಯಾಗ ಹಾಕ್ಕೊಳ್ರಿ."

ನಾಗವೇಣಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವು ಬಾಯಿ ಬಿಟ್ಟಾಗ್ಲೇ ಗೊತ್ತಾಯ್ತು. ಆ ದನಿ ಮರೀಲಿಕ್ಕೆ ಆಗ್ತದ್ಯಾ? ನಮ್ಮನೆಯವರು ಇದ್ದಷ್ಟು ದಿನ ಬೈದ್ರು, ಅಷ್ಟು ಚೆಂದ ಬೈಲಿಲ್ಲ ಪಾಪ." ಆಮೇಲೆ ನನ್ನ ಕಡೆ ತಿರುಗಿದರು. "ಮಾಡು ನೋಡ್ವಾ, ನನ್ನ ದನಿ."

ಸಮುದ್ರ ಹಿಂದೆ, ನಾಗವೇಣಮ್ಮ ಮುಂದೆ. ನಾನು ಬೆವರಿದೆ, ಬರೀ ಹವೆಯಿಂದಲ್ಲ. "ಎಂತ ಮಾರಾಯ್ರೆ..." ಎಂದು ಶುರುಮಾಡಿ ಏಡಿಯವರೆಗೆ ಬಂದು ನಿಲ್ಲಿಸಿದೆ.

"ಇದು ನಮ್ ಬದಿ ಮಾತೇ ಅಲ್ಲ" ಎಂದರು ಅವರು. "ಇದು ಮಂಗಳೂರು ಬದಿದು. ಅದೂ ಅರ್ಧ. ನೀ ಒಂದು ವಾರ ಇಲ್ಲಿದ್ದು ಕಲ್ತುಕೊಂಡು ಹೋಗು."

ಅಕ್ಕನ ಭುಜ ಕುಣಿಯತೊಡಗಿತು. ಹೊರಳಿ ಬೀಳಲು ಜಾಗ ನೋಡಿ, ಮುರುಗಲು ಹರವಿದ್ದರಿಂದ ಕಂಬಕ್ಕೆ ಆತುಕೊಂಡಳು. ನಾನು ಮಾಡಿದ್ದಕ್ಕಲ್ಲ, ನನಗೆ ಆದದ್ದಕ್ಕೆ ನಕ್ಕಳು. ಅದೂ ನಗುವೇ, ಲೆಕ್ಕಕ್ಕೆ ಹಿಡಿದೆ.

ಕೋಣೆ ಕೊಡುತ್ತೇನೆ ಎಂದರು ನಾಗವೇಣಮ್ಮ. "ಇಂಥ ತಾಯಿಯ ಮಗಳು ಮನೇಲಿದ್ರೆ ಕಳ್ಳರ ಹೆದ್ರಿಕೆ ಇಲ್ಲ. ಆದ್ರೆ ಈಗ್ಲೇ ಹೇಳ್ತೆ, ನಮ್ಮನೇಲಿ ಮೀನು ಬೇಯ್ತದೆ. ನಿಮಗೆ ಬೇಡ ಅಂತ ನಾ ಬಿಡುದಿಲ್ಲ."

ಎಲ್ಲ ಮುಗಿಯಿತು ಎಂದುಕೊಂಡೆವು. ಸಂಜೆ ಊಟಕ್ಕೆಂದು ಅವ್ವ ಟ್ರಂಕು ತೆರೆದಳು. ಮೇಲಿನ ರೊಟ್ಟಿ ಎತ್ತಿದಳು. ಅದು ಅವಳ ಕೈಯಿಂದ ಜೋತುಬಿತ್ತು. ಮುರಿದಳು. ಸದ್ದಿಲ್ಲ. ಅದರ ಕೆಳಗಿನದನ್ನು ಎತ್ತಿ ಮುರಿದಳು, ಅದೂ 'ಚಟ್' ಅನ್ನಲಿಲ್ಲ. ನಾನು ಆಡಿದ ಅಷ್ಟೂ ಸುಳ್ಳುಗಳಲ್ಲಿ ಇದೊಂದು ಅಪ್ಪಿತಪ್ಪಿ ನಿಜವಾಗಿತ್ತು. ಹೊರಗೆ ಅಷ್ಟು ಗ್ರೀಸು ಕುಡಿಸಿದ ಕಾಕಾ, ಮುಚ್ಚಳದ ಸಂದಿನಿಂದ ಗಾಳಿ ಹೋಗುತ್ತದೆಂದು ನೆನೆಸಿರಲಿಲ್ಲ.

ಅವ್ವ ಅಲ್ಲೇ ನೆಲದ ಮೇಲೆ ಕುಳಿತಳು. ಬೆವರು, ಘಟ್ಟ, ಮೀನು ಎಲ್ಲವನ್ನೂ ತಡೆದುಕೊಂಡವಳು ಇದೊಂದಕ್ಕೆ ಸೋತಳು. "ಇದನ್ನ ತಿಂದ ಇರೂ ಹಂಗಾತಲ್ಲವಾ ನೀ" ಎಂದಳು. "ಮೈ ಚುಲೋ ಇಲ್ಲಂದ್ರ ಯಾರ ನೋಡ್ತಾರ? ನಡಿ ಗಿರಿಜಾ, ಮುಂಜಾನೆ ಬಸ್ಸಿಗೆ ಹೋಗೂಣು."

ಅಕ್ಕನ ಮುಖ ನೋಡಿ ನನಗೆ ಯಾರ ದನಿಯೂ ಬಾಯಿಗೆ ಬರಲಿಲ್ಲ.

ನಾಗವೇಣಮ್ಮ ಬಂದು ಅವ್ವನ ಪಕ್ಕ ಕುಳಿತು, ಆ ಮೆತ್ತಗಿನ ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನ ಅಗಿದರು. "ಅಡ್ಡಿಲ್ಲ. ಇಷ್ಟು ತೆಳೂ ಮಾಡ್ಲಿಕ್ಕೆ ಯಾರು ಕಲ್ಸಿದ್ರು? ನಿಮ್ಮ ಅಬ್ಬೆಯಾ?"

"ನಮ್ಮವ್ವಗ ಎಲ್ಲಿ ರೊಟ್ಟಿ ಬರತಿತ್ತು?" ಎಂದಳು ಅವ್ವ, ಮೂಗು ಒರೆಸಿಕೊಳ್ಳುತ್ತ. "ನನ್ನ ತವರಮನಿ ಅಳ್ನಾವರ ಬಾಜು ಹಳ್ಳಿ. ಅಡವಿ, ಮಳಿ. ಮೂರ ಹೊತ್ತೂ ಅನ್ನ ಉಣ್ಣೂ ಮಂದಿ ನಾವು. ಲಗ್ನ ಆಗಿ ಮೊರಬಕ್ಕ ಬಂದ ಮ್ಯಾಲೇನ ಜ್ವಾಳಾ ಮುಟ್ಟಿದ್ದು. ಮೊದ್ಲನೇ ರೊಟ್ಟಿ ಹಂಚಿಗೆ ಹಾಕೂದರಾಗ ಮೂರ ತುಂಡಾತು. ಅತ್ತಿ ಏನೂ ಅನ್ನಲಿಲ್ಲ, ಮೂರೂ ಬೇಯಿಸಿ ಕೊಟ್ರು. ನೀರ ಕುಡದ್ರ ಹೊಟ್ಟಿ ತೊಳಸತಿತ್ತು. ಸುತ್ತ ಒಂದ ಗಿಡಾ ಇಲ್ಲ. ಅಳಬೇಕಂದ್ರೂ ಯಾವ ಗಿಡದ ಮರಿಗೆ ನಿಂದರಬೇಕು? ದನದ ಮನ್ಯಾಗ ನಿಂತ ಅಳತಿದ್ನಿ."

ಇಷ್ಟು ವರ್ಷ ಅವ್ವನ ಮಾತು, ನಡಿಗೆ, ಸಿಟ್ಟು, ಅಂಗೈಯ ಪಟಪಟ ಎಲ್ಲವನ್ನೂ ನಕಲು ಮಾಡಿದ್ದೇನೆ. ಅವಳು ಹುಟ್ಟಿದಾಗಿನಿಂದಲೂ ಮೊರಬದವಳೇ, ಕೈಯಲ್ಲಿ ರೊಟ್ಟಿ ಹಿಡಿದೇ ಹುಟ್ಟಿದವಳು ಎಂದು ತಿಳಿದಿದ್ದೆ. ಅಳ್ನಾವರದ ಆ ಅಜ್ಜನ ಮನೆಗೆ ರಜೆಯಲ್ಲಿ ಹೋಗಿ ಅನ್ನ ಉಂಡು ಬಂದದ್ದೇ ಬಂದದ್ದು, ಅಲ್ಲಿಂದ ಒಬ್ಬ ಹುಡುಗಿ ಹೊರಟು ಬಂದಿದ್ದಳು ಎಂಬುದು ತಲೆಗೇ ಹೋಗಿರಲಿಲ್ಲ. ಅಕ್ಕ ಮೆಲ್ಲಗೆ ಬಂದು ಅವ್ವನ ಬೆನ್ನಿಗೆ ಕುಳಿತಳು. ಅವ್ವ ತಿರುಗಿ ನೋಡಲಿಲ್ಲ. ಜೋತುಬಿದ್ದ ರೊಟ್ಟಿಯನ್ನು ಮಡಚಿ, ಶೇಂಗಾ ಚಟ್ನಿ ಹಚ್ಚಿ, ಹಿಂದೆ ಕೈ ಚಾಚಿ ಅವಳಿಗೆ ಕೊಟ್ಟಳು.

ಆಗ ಫೋನು ರಿಂಗಾಯಿತು. ಬಸಪ್ಪಕಾಕಾ. ಅವನ ದನಿಗೆ ಸ್ಪೀಕರ್ ಬೇಕಾಗಿಲ್ಲ, ಎಲ್ಲರಿಗೂ ಕೇಳಿತು.

"ವೈನಿ, ಹೆಂಗೈತಿ ಅಲ್ಲಿ? ನನಗ್ಯಾಕೋ ಸಮಾಧಾನ ಆಗವಲ್ದು. ಹುಡಿಗೀನ ಕರ್ಕೊಂಡ ಬಂದಬಿಡ್ರಿ. ಗುರ್ತಿಲ್ಲದ ಊರು, ಗುರ್ತಿಲ್ಲದ ನೀರು, ಗುರ್ತಿಲ್ಲದ ಮಂದಿ. ಅಂಥಲ್ಲಿ ನಮ್ಮ ಹುಡಿಗಿ ಒಬ್ಬಾಕಿ ಹೆಂಗ ಬಾಳೇ ಮಾಡ್ಯಾಳು?"

ಅವ್ವ ಹೇಳಿದಳು: "ಬಸಣ್ಣಾ, ನಿಮ್ಮ ಮನಿಯಾಗ ನಾ ಮಾಡಿಲ್ಲೇನು? ಹಂಗ ಮಾಡ್ತಾಳ. ಇಡು ಫೋನು."